ಒಂದು ಭೂಮಿಯ ವಂಶಾವಳಿ

ಮನುಷ್ಯರ ವಂಶಾವಳಿಯನ್ನು ಬರೆಯುವವರು ನಮ್ಮಲ್ಲಿ ಅನೇಕರುಂಟು. ಭೂಮಿಯ ವಂಶಾವಳಿಯನ್ನು ಬರೆಯುವವರು ವಿರಳ. ಒಂದು ಮನೆತನದಲ್ಲಿ ತಂದೆಯ ತರುವಾಯ ಮಗನೂ ಮಗನ ತರುವಾಯ ಮೊಮ್ಮಗನೂ ಬಂದಂತೆ ಆ ಮನೆತನದ ಹೊಲಗದ್ದೆಗಳೂ ಅದೇ ದಾರಿಯಲ್ಲಿ ಇಳಿದು ಬಂದುವೆಂದು ನಾವು ವಿಚಾರಮಾಡದೆ ನಂಬಿರುತ್ತೇವೆ. ಈ ನಂಬಿಕೆಯು ಎಷ್ಟು ಸಡಿಲವಾದುದೆಂಬುದು ನನಗೆ ಮನವರಿಕೆಯಾದುದು ಸಮುದ್ರದಾಚೆಯ ವರ್ಜೀನಿಯಾ ಪ್ರಾಂತದ ಕೆಲವು ಹಳೆಯ ಪತ್ರಗಳಿಂದ.

ಅಮೆರಿಕಾ ಸಂಯುಕ್ತ ಸಂಸ್ಥಾನದ ಮೊದಲನೆಯ ಅಧ್ಯಕ್ಷನಾದ ಜಾರ್ಜ್ ವಾಷಿಂಗ್ಟನ್ನನ ಮನೆಯು ಪೊಟೋಮಾಕ್ ನದಿಯ ದಡದಲ್ಲಿರುವ ಮೌಂಟ್ ವರ್ನನ್ ಎಂಬಲ್ಲಿದೆ. ಅದು ಅವನಿಗೆ ತಂದೆಯಿಂದ ಬಂದ ಆಸ್ತಿಯೆಂದು ನಾನು ಶಾಲೆಯಲ್ಲಿ ವರ್ಷವರ್ಷವೂ ಮಕ್ಕಳಿಗೆ ಹೇಳಿಕೊಡುತ್ತಿದ್ದೆನು. ಹೋದ ವರ್ಷ, ವರ್ಜೀನಿಯಾದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ಊರಿಗೆ ಬಂದಾಗ, ಆ ಮನೆತನದ ಮರಣಶಾಸನಗಳ ಅಚ್ಚಾದ ಪ್ರತಿಗಳನ್ನು ನನ್ನ ಮುಂದಿಟ್ಟು, “ಮೇಷ್ಟ್ರೇ, ತಾವು ನಮಗೆ ಹೇಳಿದ್ದು ಹೀಗಲ್ಲವಲ್ಲ!” ಎಂದು ನಕ್ಕನು. ಅವನು ಹೇಳಿದುದು ನಿಜ. ಆ ತಪ್ಪನ್ನು ತಿದ್ದಿಕೊಳ್ಳುವ ಸಲುವಾಗಿ ಕುಳಿತು ಓದಿದುದರ ಫಲವೇ ಈ ಲೇಖನ.

ಭೂಮಿಯ ಒಡೆತನವನ್ನು ಸಾಧಿಸಲು ಲಿಖಿತ, ಭುಕ್ತಿ, ಸಾಕ್ಷಿಗಳೆಂಬ ಮೂರು ಪ್ರಮಾಣಗಳನ್ನು ಯಾಜ್ಞವಲ್ಕ್ಯನು ತನ್ನ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಹೇಳಿರುವನು. ಅದಕ್ಕೆ ನಮ್ಮ ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದುದು ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ. ಭೂಮಿಯು ಇವನ ಕೈಗೆ ಯಾವ ದಾರಿಯಿಂದ ಬಂದಿತೆಂಬುದಕ್ಕೆ ಅಲ್ಲಿ ಆಗಮವೆಂದು ಹೆಸರು. ಬರಿಯ ಅನುಭೋಗವು ಆಗಮವಿಲ್ಲದಿದ್ದರೆ ದುರ್ಬಲ. ಪುರುಷಾಂತರಗಳಿಂದ ನಡೆದುಬಂದ ಅನುಭೋಗಕ್ಕೆ ಮಾತ್ರ ವಿನಾಯಿತಿ. ಮೌಂಟ್ ವರ್ನನ್ನಿನ ಆಗಮವನ್ನು ಹಿಡಿದು ಹಿಂದಕ್ಕೆ ನಡೆದರೆ ಏನು ದೊರೆಯುವುದೆಂಬುದನ್ನು ನೋಡೋಣ.

ಮೊದಲನೆಯ ಕೊಂಡಿಯೇ ವಿಚಿತ್ರವಾದುದು. 1649ರಲ್ಲಿ ಇಂಗ್ಲೆಂಡಿನ ಮೊದಲನೆಯ ಚಾರ್ಲ್ಸನ ಶಿರಚ್ಛೇದವಾಯಿತು. ಅವನ ಮಗ ಎರಡನೆಯ ಚಾರ್ಲ್ಸನು ಸಿಂಹಾಸನವಿಲ್ಲದೆ ಪರದೇಶದಲ್ಲಿ ಅಲೆಯುತ್ತಿದ್ದನು. ಕೈಯಲ್ಲಿ ಹಣವಿಲ್ಲದ ಆ ಅರಸನು ತನ್ನನ್ನು ನಂಬಿದ್ದ ಏಳು ಜನ ಪ್ರಭುಗಳಿಗೆ, ಪೊಟೋಮಾಕ್ ಮತ್ತು ರಾಪಹಾನಕ್ ನದಿಗಳ ನಡುವಣ ಸಮಸ್ತ ಭೂಮಿಯನ್ನೂ ಒಂದು ಶಾಸನದಿಂದ ಕೊಟ್ಟುಬಿಟ್ಟನು. ಕೊಟ್ಟವನೂ ಆ ನೆಲವನ್ನು ಕಂಡವನಲ್ಲ. ಏಳು ಪಾಲುಗಳು ಕ್ರಮೇಣ ಕೂಡಿಕೊಂಡು ಕಲ್ಪೆಪರ್ ಮನೆತನದ ಕೈಸೇರಿದುವು. ಅಲ್ಲಿಂದ ಕ್ಯಾಥರಿನ್ ಎಂಬ ಮಗಳ ಮದುವೆಯ ಮೂಲಕ ಫೇರ್‌ಫ್ಯಾಕ್ಸ್ ಮನೆತನಕ್ಕೆ ಸಂದುವು. ಈ ಹೆಸರನ್ನು ವಾಚಕರು ಜ್ಞಾಪಕದಲ್ಲಿಟ್ಟಿರಬೇಕು. ಮುಂದೆ ಮತ್ತೆ ಬರುವುದು.

ಆ ನೆಲದಲ್ಲಿ ಆಗ ಯಾರೂ ಇರಲಿಲ್ಲವೇ ಎಂದರೆ, ಇದ್ದರು. 1608ರಲ್ಲಿ ಜಾನ್ ಸ್ಮಿತ್ ಎಂಬ ನಾವಿಕನು ಪೊಟೋಮಾಕ್ ನದಿಯಲ್ಲಿ ಮೇಲಕ್ಕೆ ಸಾಗಿ ತಯಾರಿಸಿದ ನಕ್ಷೆಯಲ್ಲಿ ಅಲ್ಲಿಯ ಮೂಲನಿವಾಸಿಗಳ ಊರುಗಳು ಗುರುತಿಸಲ್ಪಟ್ಟಿವೆ. ಡೋಗ್ ಎಂಬ ಆ ಜನರ ಹೆಸರು ಮೌಂಟ್ ವರ್ನನ್ನಿನ ಪಕ್ಕದ ಹಳ್ಳಕ್ಕೆ ಇಂದಿಗೂ ಉಳಿದಿದೆ. ಅವರಿಗೆ ಭುಕ್ತಿಯಿದ್ದಿತು, ಲಿಖಿತವಿರಲಿಲ್ಲ. ವಿಜ್ಞಾನೇಶ್ವರನ ಎದುರಿಗೆ ಈ ವ್ಯಾಜ್ಯವು ಬಂದಿದ್ದರೆ ಪುರುಷಾಂತರದ ಭುಕ್ತಿಯ ಮಾತನ್ನು ಅವನು ಎತ್ತದೆ ಇರುತ್ತಿರಲಿಲ್ಲವೆಂದು ನನಗೆ ತೋರುತ್ತದೆ. ಆದರೆ ಆ ನ್ಯಾಯಸ್ಥಾನಗಳಲ್ಲಿ ಲಿಖಿತದ ಮುಂದೆ ಭುಕ್ತಿಯು ನಿಲ್ಲಲಿಲ್ಲ.

ಇನ್ನು ಮೂಲಪುರುಷನ ವಿಷಯ. ಜಾನ್ ವಾಷಿಂಗ್ಟನ್ ಎಂಬ ತರುಣನು ಇಂಗ್ಲೆಂಡಿನ ಒಬ್ಬ ಪಾದ್ರಿಯ ಮಗನು. 1657ರ ಸುಮಾರಿಗೆ ಹಡಗಿನ ಸಿಬ್ಬಂದಿಯೊಡನೆ ವರ್ಜೀನಿಯಾಕ್ಕೆ ಬಂದನು. ಹೊಗೆಸೊಪ್ಪನ್ನು ತುಂಬಿಕೊಂಡು ಹಿಂದಿರುಗುವ ಹೊತ್ತಿಗೆ ಹಡಗು ಪೊಟೋಮಾಕ್ ನದಿಯಲ್ಲಿಯೇ ಮುಳುಗಿತು. ಜಾನನು ಅಲ್ಲಿಯೇ ನಿಂತನು. ನಥಾನಿಯಲ್ ಪೋಪ್ ಎಂಬ ಸ್ಥಿತಿವಂತನ ಮಗಳು ಆನ್ನಳನ್ನು ಮದುವೆಯಾದನು. ಮಾವನು 700 ಎಕರೆ ಭೂಮಿಯನ್ನು ಕೊಟ್ಟನು. ಹೀಗೆ ಈ ಮನೆತನಕ್ಕೆ ಆ ದೇಶದಲ್ಲಿ ಕಾಲೂರಲು ದೊರೆತ ಮೊದಲನೆಯ ನೆಲವು ಹೆಂಡತಿಯ ತವರಿನಿಂದ ಬಂದುದು. ವಾಷಿಂಗ್ಟನ್ ಎಂಬ ಹೆಸರನ್ನು ಮಾತ್ರ ಹಿಡಿದು ಹುಡುಕುವವನಿಗೆ ಇದು ಕಾಣಿಸದು. ಪೋಪ್ ಎಂಬ ಹೆಸರಿನ ಕೆಳಗೂ ಹುಡುಕಬೇಕು.

ಆಮೇಲೆ ಜಾನನು ಭೂಮಿಯನ್ನು ಕೂಡಿಸತೊಡಗಿದನು. ಅಲ್ಲಿ ಭೂಮಿಯನ್ನು ಸಂಪಾದಿಸಲು ಒಂದು ಸುಲಭೋಪಾಯವಿದ್ದಿತು: ಇಂಗ್ಲೆಂಡಿನಿಂದ ಒಬ್ಬನನ್ನು ಹಡಗಿನ ಸತ್ತೆ ಕೊಟ್ಟು ಕರೆತಂದವನಿಗೆ ತಲೆಗೆ 50 ಎಕರೆಯಂತೆ ಹಕ್ಕು ಹುಟ್ಟುತ್ತಿದ್ದಿತು. ಬಂದವನು ಹಲವು ವರ್ಷ ಜೀತಮಾಡಬೇಕು. ಭೂಮಿಯು ಮಾತ್ರ ಕರೆತಂದವನಿಗೆ. 1674ರಲ್ಲಿ ಜಾನನೂ ಅವನ ಸ್ನೇಹಿತ ನಿಕೊಲಾಸ್ ಸ್ಪೆನ್ಸರನೂ ಲಿಟಲ್ ಹಂಟಿಂಗ್ ಮತ್ತು ಎಪ್ಸೆವಾಸನ್ ಎಂಬ ಎರಡು ಹಳ್ಳಗಳ ನಡುವೆ 5,000 ಎಕರೆಯನ್ನು ಕಲ್ಪೆಪರ್ ಪ್ರಭುವಿನಿಂದ ಜಂಟಿಯಾಗಿ ಪಡೆದರು. ಸ್ಪೆನ್ಸರನು ಕಲ್ಪೆಪರ್ ಮನೆತನದ ಬಂಧುವೂ ಅವರ ಜಮೀನಿನ ವ್ಯವಹಾರಗಳನ್ನು ನೋಡಿಕೊಳ್ಳುವ ಪಾರುಪತ್ಯಗಾರನೂ ಆಗಿದ್ದನೆಂಬುದನ್ನು ತಿಳಿದರೆ, ಭೂಮಿಯು ಎಷ್ಟು ಸಲೀಸಾಗಿ ದೊರೆಯಿತೆಂಬುದಕ್ಕೆ ಆಶ್ಚರ್ಯಪಡಬೇಕಾದುದಿಲ್ಲ. ಎಲ್ಲಾ ದೇಶದ ಪಾರುಪತ್ಯವೂ ಒಂದೇ!

ಇಲ್ಲಿ ಕಾಲಗಣನೆಯ ಒಂದು ತೊಡಕನ್ನು ಹೇಳಲೇಬೇಕು. ಇದನ್ನು ಅರಿಯದೆ ಪತ್ರಗಳನ್ನು ಓದಿದವರು ಒಂದು ವರ್ಷ ಹಿಂದೆಯೋ ಮುಂದೆಯೋ ಬೀಳುತ್ತಾರೆ. 1752ಕ್ಕೆ ಮುಂಚೆ ಇಂಗ್ಲಿಷರಲ್ಲಿ ಹೊಸ ವರ್ಷವು ಜನವರಿ 1ಕ್ಕೆ ಅಲ್ಲ, ಮಾರ್ಚಿ 25ಕ್ಕೆ ಹುಟ್ಟುತ್ತಿದ್ದಿತು. ಆದಕಾರಣ ಹಳೆಯ ಪತ್ರದಲ್ಲಿ 1674ನೆಯ ಇಸವಿ ಮಾರ್ಚಿ 1 ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1675. ಜಾನನ ಮರಣಶಾಸನವು ಬರೆದುದು 1675ರ ಸೆಪ್ಟೆಂಬರ್ 21ರಂದು. ಅದು ನ್ಯಾಯಸ್ಥಾನದಲ್ಲಿ ರುಜುವಾತಾದುದು ಹಳೆಯ ಲೆಕ್ಕಕ್ಕೆ 1677ರ ಜನವರಿ, ಹೊಸ ಲೆಕ್ಕಕ್ಕೆ 1678ರ ಜನವರಿ. ಜಾರ್ಜ್ ವಾಷಿಂಗ್ಟನ್ನನ ಹುಟ್ಟಿದ ದಿನವೂ ಹೀಗೆಯೇ: ಮನೆಯ ಬೈಬಲ್ ಪುಸ್ತಕದಲ್ಲಿ ಬರೆದಿರುವುದು ಫೆಬ್ರವರಿ 11, ಜನರು ಆಚರಿಸುತ್ತಿರುವುದು 1732ರ ಫೆಬ್ರವರಿ 22. ನಮ್ಮ ಶಾಸನಗಳಲ್ಲಿ ಗತಶಕ, ವರ್ತಮಾನಶಕಗಳ ಭೇದವನ್ನೂ, ಸಂವತ್ಸರದ ಹೆಸರಿಗೂ ಶಕದ ಅಂಕಿಗೂ ಹೊಂದದ ಸಂದರ್ಭಗಳನ್ನೂ ಬಲ್ಲವರಿಗೆ ಇದು ಹೊಸದೆನಿಸದು.

ಎರಡನೆಯ ತೊಡಕು ಸ್ಥಳದ್ದು. ಭೂಮಿಯು ಕದಲುವುದಿಲ್ಲ; ಆದರೆ ಅದರ ಕಾಗದವಿರುವ ಕಚೇರಿಯು ಕದಲುತ್ತದೆ. ನಮ್ಮ ಜಿಲ್ಲೆಗೆ ಸಮನೆನ್ನಬಹುದಾದ ಅಲ್ಲಿಯ ವಿಭಾಗಕ್ಕೆ ಕೌಂಟಿಯೆಂದು ಹೆಸರು. ಈ 5,000 ಎಕರೆಯು ಮೊದಲು ಸ್ಟಾಫರ್ಡ್ ಕೌಂಟಿಯಲ್ಲಿದ್ದಿತು. 1731ರಲ್ಲಿ ಪ್ರಿನ್ಸ್ ವಿಲಿಯಂ ಕೌಂಟಿಗೆ ಸೇರಿತು. 1742ರಲ್ಲಿ ಫೇರ್‌ಫ್ಯಾಕ್ಸ್ ಕೌಂಟಿಗೆ ಸೇರಿತು. ಒಡೆಯನು ವಾಸವಾಗಿದ್ದುದು ವೆಸ್ಟ್‌ಮೋರ್‌ಲೆಂಡ್ ಕೌಂಟಿಯಲ್ಲಾದ್ದರಿಂದ ಅವನ ಮರಣಶಾಸನವು ಅಲ್ಲಿಯ ಕಚೇರಿಯಲ್ಲಿ. ಒಂದೇ ನೆಲದ ಚರಿತ್ರೆಗೆ ನಾಲ್ಕು ಕಚೇರಿಗಳ ಬಾಗಿಲನ್ನು ತಟ್ಟಬೇಕಾಯಿತು. 1953ರಲ್ಲಿ ಬಳ್ಳಾರಿಯ ಸೀಮೆಯೂ 1956ರಲ್ಲಿ ಧಾರವಾಡ, ಮಂಗಳೂರುಗಳ ಸೀಮೆಗಳೂ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಹಳೆಯ ಮದರಾಸು, ಮುಂಬಯಿ ಆಧಿಪತ್ಯಗಳ ಕಾಲದ ಕಾಗದಗಳನ್ನು ಹುಡುಕಿ ಅಲೆದವರಿಗೆ ಈ ಕಷ್ಟವು ತಿಳಿದಿದೆ.

ಜಾನನು ತನ್ನ ಅರ್ಧಪಾಲನ್ನು ಮಗ ಲಾರೆನ್ಸನಿಗೆ ಬರೆದಿಟ್ಟನು. 1690ರಲ್ಲಿ ಸ್ಪೆನ್ಸರನ ಹಕ್ಕುದಾರರೊಡನೆ ಪಾಲುಪಾರಿಕತ್ತು ನಡೆಯಿತು. ಅವರು ತಮಗೆ ಬೇಕಾದ ಭಾಗವನ್ನು ಮೊದಲು ಆರಿಸಿಕೊಂಡು, ಆ ಆಯ್ಕೆಗೆ ಪ್ರತಿಫಲವಾಗಿ 2,500 ಪೌಂಡು ತೂಕದ ಹೊಗೆಸೊಪ್ಪನ್ನು ಕೊಟ್ಟರು. ನಾಣ್ಯವು ವಿರಳವಾದ ಆ ದೇಶದಲ್ಲಿ ಹೊಗೆಸೊಪ್ಪೇ ಹಣವಾಗಿ ನಡೆಯುತ್ತಿದ್ದಿತು. ಲಿಟಲ್ ಹಂಟಿಂಗ್ ಹಳ್ಳದ ಕಡೆಯ ಭಾಗವು ಲಾರೆನ್ಸನಿಗೆ ಉಳಿಯಿತು. ಮೊದಲು ಆರಿಸಿಕೊಂಡವರು ಬಿಟ್ಟುಹೋದ ಆ ಭಾಗವೇ ಮುಂದಿನ ಮೌಂಟ್ ವರ್ನನ್.

ಲಾರೆನ್ಸನು 1698ರಲ್ಲಿ ಚಿಕ್ಕ ವಯಸ್ಸಿನಲ್ಲಿ ಮೃತನಾದನು. ಇಬ್ಬರು ಗಂಡುಮಕ್ಕಳಿದ್ದರು: ಜಾನ್, ಅಗಸ್ಟಿನ್. ಆದರೆ ಈ ಭೂಮಿಯನ್ನು ಅವನು ಬರೆದಿಟ್ಟುದು ಮಿಲ್ಡ್ರೆಡ್ ಎಂಬ ಎಳೆಯ ಹೆಣ್ಣುಮಗುವಿಗೆ. ನನ್ನ ಪಾಠದ ತಪ್ಪು ಮೊದಲು ಕಾಣಿಸಿದುದು ಇಲ್ಲಿಯೇ. ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತ ಭೂಮಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವ. ತಂದೆಯು ಅದನ್ನು ತನ್ನ ಇಚ್ಛೆಯಂತೆ ಯಾರಿಗೂ ಬರೆದಿಡಲಾರನು. ಆ ನ್ಯಾಯದಲ್ಲಿ ಬೆಳೆದ ನಮಗೆ, ತಂದೆಯ ಆಸ್ತಿಯು ಮಗನಿಗೆ ಎಂಬುದು ಉಸಿರಾಟದಂತೆ ಸಹಜವಾಗಿ ತೋರುತ್ತದೆ. ಇಂಗ್ಲಿಷರಲ್ಲಿ ಮರಣಶಾಸನವಿಲ್ಲದಿದ್ದರೆ ಭೂಮಿಯು ಹಿರಿಯ ಮಗನಿಗೆ. ಮರಣಶಾಸನವಿದ್ದರೆ ಬರೆದವನ ಇಚ್ಛೆಯೇ ಪ್ರಧಾನ. ವಂಶವೃಕ್ಷವನ್ನು ನೋಡಿ ಭೂಮಿಯ ದಾರಿಯನ್ನು ಊಹಿಸಲಾಗದು.

ಲಾರೆನ್ಸನ ವಿಧವೆಯು ಇನ್ನೊಬ್ಬನನ್ನು ಮದುವೆಯಾಗಿ ಮಕ್ಕಳೊಡನೆ ಇಂಗ್ಲೆಂಡಿನ ವೈಟ್‌ಹೇವನ್ ಎಂಬ ಬಂದರಿಗೆ ಹೋದಳು. 1701ರಲ್ಲಿ ಅಲ್ಲಿಯೇ ತೀರಿಕೊಂಡಳು. ಮಕ್ಕಳು ಮಲತಂದೆಯ ವಶದಲ್ಲಿ ಉಳಿದರು. ವರ್ಜೀನಿಯಾದಲ್ಲಿದ್ದ ದಾಯಾದಿಯೊಬ್ಬನು ಮಕ್ಕಳ ಪಾಲನೆಯ ಬಗ್ಗೆ ನ್ಯಾಯಸ್ಥಾನದಲ್ಲಿ ತಕರಾರು ಎತ್ತಿದನು. ಕಡೆಗೆ ಮಕ್ಕಳು ಕಡಲು ದಾಟಿ ಹಿಂದಿರುಗಿದರು. ಆ ತಕರಾರು ನಡೆಯದಿದ್ದರೆ ಅಗಸ್ಟಿನನು ಇಂಗ್ಲೆಂಡಿನಲ್ಲಿಯೇ ಬೆಳೆದು ವ್ಯಾಪಾರಿಯಾಗಿ ಉಳಿಯುತ್ತಿದ್ದನೋ ಏನೋ.

ಮಿಲ್ಡ್ರೆಡ್ಡಳು ದೊಡ್ಡವಳಾಗಿ ರೋಜರ್ ಗ್ರೆಗರಿಯೆಂಬುವನನ್ನು ಮದುವೆಯಾದಳು. 1726ರ ಏಪ್ರಿಲಿನಲ್ಲಿ ಈ ಭೂಮಿಯನ್ನು ಅಣ್ಣ ಅಗಸ್ಟಿನನಿಗೆ ಒಂದು ವರ್ಷದ ಗೇಣಿಗೆ ಕೊಟ್ಟಂತೆ ಪತ್ರವಾಯಿತು. ಗೇಣಿಯ ಮೊತ್ತ ಒಂದು ಮೆಣಸಿನ ಕಾಳು! ಒಂದು ತಿಂಗಳಲ್ಲಿ ಎರಡನೆಯ ಪತ್ರವಾಗಿ, 180 ಪೌಂಡು ಹಣಕ್ಕೆ ಭೂಮಿಯು ಅಗಸ್ಟಿನನಿಗೆ ಕ್ರಯವಾಯಿತು. ಮೊದಲನೆಯ ಪತ್ರವನ್ನು ಮಾತ್ರ ಕಂಡವನು ತಂಗಿಯು ಅಣ್ಣನಿಗೆ ಭೂಮಿಯನ್ನು ಪುಕ್ಕಟೆಯಾಗಿ ಕೊಟ್ಟಳೆಂದು ಭ್ರಮಿಸುವನು. ನಿಜವೇನೆಂದರೆ, ಭೂಮಿಯ ಕ್ರಯವನ್ನು ಆ ಕಾಲದ ವಕೀಲರು ಹೀಗೆ ಎರಡು ಪತ್ರಗಳಲ್ಲಿ ನಡೆಸುತ್ತಿದ್ದರು. ಮೊದಲು ಗೇಣಿ, ಅದರಿಂದ ಕೊಳ್ಳುವವನು ಸ್ವಾಧೀನದಲ್ಲಿರುವವನೆಂದು ಎಣಿಸಲ್ಪಡುವನು. ಬಳಿಕ ಉಳಿದ ಹಕ್ಕನ್ನೂ ಬಿಟ್ಟುಕೊಡುವ ಪತ್ರ. ಸ್ಥಳಕ್ಕೆ ಹೋಗಿ ಮಣ್ಣಿನ ಹೆಂಟೆಯನ್ನೋ ಮರದ ಕಡ್ಡಿಯನ್ನೋ ಕೈಗಿಟ್ಟು ಸಾಕ್ಷಿಗಳೆದುರು ಸ್ವಾಧೀನ ಕೊಡುವ ಹಳೆಯ ವಿಧಿಯ ತೊಂದರೆಯು ಇದರಿಂದ ತಪ್ಪುತ್ತಿದ್ದಿತು. ಪ್ರತಿಫಲವಿಲ್ಲದ ಒಪ್ಪಂದವು ನಿಲ್ಲದಾದ್ದರಿಂದ ಹೆಸರಿಗೆ ಒಂದು ಮೆಣಸಿನ ಕಾಳು. ನಮ್ಮ ಪಡುವಣ ಕರಾವಳಿಯ ಮೆಣಸಿಗಾಗಿ ಪರದೇಶದ ಹಡಗುಗಳು ಕಾದಾಡಿದುವು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದೇ ಕರೆದರು. ಅದೇ ಮೆಣಸು ಪೊಟೋಮಾಕ್ ದಂಡೆಯ ಪತ್ರದಲ್ಲಿ ಏನೂ ಇಲ್ಲವೆಂಬುದಕ್ಕೆ ಸಂಕೇತವಾಗಿ ಕುಳಿತಿದೆ.

ಮಿಲ್ಡ್ರೆಡ್ಡಳ ಪತ್ರವನ್ನು ಓದಿದ ರಾತ್ರಿ ನನಗೆ ನಿದ್ರೆ ಸರಿಯಾಗಿ ಬರಲಿಲ್ಲ. ಕಾರಣವನ್ನು ಹೇಳಿಬಿಡುತ್ತೇನೆ. ನಮ್ಮ ಮನೆಗೆ ಕೆರೆಯ ಕೆಳಗೆ ಒಂದು ತುಂಡು ಗದ್ದೆಯಿದೆ. ಅದನ್ನು ಅತ್ತೆಗದ್ದೆಯೆಂದು ಕರೆಯುವುದು ವಾಡಿಕೆ. ಯಾವ ಅತ್ತೆ, ಏಕೆ ಎಂದು ನಾನು ಚಿಕ್ಕಂದಿನಿಂದ ಕೇಳಿದವನಲ್ಲ, ಪಿತ್ರಾರ್ಜಿತವೆಂದೇ ನಂಬಿದ್ದೆನು. ಮರುದಿನ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿ ಹುಡುಕಿದಾಗ ಛಾಪಾಕಾಗದದ ಮೇಲೆ ಬರೆದ ಒಂದು ಕ್ರಯಪತ್ರವು ದೊರೆಯಿತು. ನನ್ನ ಮುತ್ತಜ್ಜನ ತಂಗಿಯೊಬ್ಬಳು ಬಾಲ್ಯದಲ್ಲಿಯೇ ವಿಧವೆಯಾಗಿ ತವರಿನಲ್ಲಿದ್ದಳು. ಅವಳ ಮದುವೆಯ ಕಾಲದಲ್ಲಿ ತಂದೆಯು ಅರಿಸಿನಕುಂಕುಮಕ್ಕೆಂದು ಆ ಗದ್ದೆಯನ್ನು ಕೊಟ್ಟಿದ್ದನು. ಅದನ್ನು ಅಣ್ಣನಿಗೆ ಕ್ರಯಮಾಡಿಕೊಟ್ಟುದಾಗಿಯೂ ಹಣವು ರೊಕ್ಕವಾಗಿ ಸಂದುದಾಗಿಯೂ ಪತ್ರವು ಹೇಳುತ್ತದೆ. ಅವಳ ಹೆಸರಿನ ಮುಂದೆ ಹೆಬ್ಬೆಟ್ಟಿನ ಗುರುತು. ಅದೇ ಪೆಟ್ಟಿಗೆಯಲ್ಲಿ ಆ ವರ್ಷದ ಮನೆಯ ಜಮಾಖರ್ಚಿನ ಪುಸ್ತಕವೂ ಇದ್ದಿತು. ಎಣ್ಣೆಗೆ ಕೊಟ್ಟ ಕಾಸೂ ಅದರಲ್ಲಿ ಬರೆದಿದೆ. ಕ್ರಯದ ಹಣವು ಖರ್ಚು ಬಿದ್ದುದು ಎಲ್ಲಿಯೂ ಕಾಣಲಿಲ್ಲ. ಬೇರೆ ಕಡೆ ಬರೆದಿರಬಹುದು, ಕೆಲವು ಹಾಳೆಗಳನ್ನು ಗೆದ್ದಲು ತಿಂದಿದೆ. ಆದರೂ ಅಂದಿನಿಂದ ಆ ಗದ್ದೆಯ ಅಕ್ಕಿಯನ್ನು ಉಣ್ಣುವಾಗ ಆ ಹೆಬ್ಬೆಟ್ಟಿನ ಗುರುತು ಕಣ್ಣ ಮುಂದೆ ಬರುತ್ತದೆ. ಇಂಗ್ಲಿಷ್ ನ್ಯಾಯದಲ್ಲಿ ವಿವಾಹಿತೆಯ ಭೂಮಿಯನ್ನು ಮಾರುವಾಗ, ಗಂಡನನ್ನು ದೂರವಿರಿಸಿ ಅವಳೊಬ್ಬಳನ್ನೇ ಕರೆದು, ಇದು ನಿನ್ನ ಸ್ವಂತ ಇಚ್ಛೆಯೇ ಎಂದು ಕೇಳುವ ಪದ್ಧತಿಯೊಂದಿದ್ದಿತು. ನಮ್ಮ ಅತ್ತೆಯನ್ನು ಹಾಗೆ ಕೇಳಿದವರು ಯಾರೂ ಇರಲಾರರು.

ಮಿಲ್ಡ್ರೆಡ್ಡಳಿಗೂ ಅಣ್ಣನಿಗೂ ವಿಶ್ವಾಸವು ಕೆಟ್ಟಿರಲಿಲ್ಲವೆಂಬುದಕ್ಕೆ ಒಂದು ಆಧಾರವಿದೆ. 1732ರಲ್ಲಿ ಅಗಸ್ಟಿನನ ಮಗ ಜಾರ್ಜನಿಗೆ ನಾಮಕರಣವಾದಾಗ ಧರ್ಮಮಾತೆಯಾಗಿ ನಿಂತವಳು ಅವಳೇ.

ಅಗಸ್ಟಿನನು 1735ರ ಸುಮಾರಿಗೆ ಆ ಭೂಮಿಯಲ್ಲಿ ಮನೆಯನ್ನು ಕಟ್ಟಿ ಕೆಲವು ವರ್ಷವಿದ್ದು, ಬಳಿಕ ರಾಪಹಾನಕ್ ದಂಡೆಯ ಬೇರೊಂದು ಜಮೀನಿಗೆ ಹೋದನು. ಅವನ ಮರಣಶಾಸನವು 1743ರ ಏಪ್ರಿಲ್ 11ರದು, ಮರುದಿನವೇ ತೀರಿಕೊಂಡನು. ಹನ್ನೊಂದು ವರ್ಷದ ಜಾರ್ಜನಿಗೆ ಬಂದುದು ರಾಪಹಾನಕ್ ದಂಡೆಯ ಜಮೀನು. ಲಿಟಲ್ ಹಂಟಿಂಗ್ ಹಳ್ಳದ 2,500 ಎಕರೆಯು ಮೊದಲನೆಯ ಹೆಂಡತಿಯ ಹಿರಿಯ ಮಗನಾದ ಲಾರೆನ್ಸನಿಗೆ ಸಂದಿತು. ತಾತನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿಯು ಅಲ್ಲಿಯೂ ಇದ್ದುದರಿಂದ ಲಾರೆನ್ಸ್, ಜಾನ್, ಅಗಸ್ಟಿನ್ ಎಂಬ ಹೆಸರುಗಳು ತಲೆಮಾರು ತಲೆಮಾರಿಗೂ ಮರಳಿ ಬರುತ್ತವೆ. ಯಾವ ಲಾರೆನ್ಸನೆಂಬುದನ್ನು ಹೆಂಡತಿಯ ಹೆಸರಿನಿಂದಲೂ ಜಮೀನಿನ ಚೆಕ್ಕುಬಂದಿಯಿಂದಲೂ ನಿಶ್ಚಯಿಸಬೇಕು. ಹೆಸರಿಗಿಂತ ಹಳ್ಳವು ಹೆಚ್ಚು ನಂಬಿಕೆಯದು.

ಈ ಲಾರೆನ್ಸನು ಬ್ರಿಟಿಷ್ ನೌಕಾಸೇನಾಪತಿ ವರ್ನನ್ನನ ಕೈಕೆಳಗೆ 1741ರಲ್ಲಿ ಕಾರ್ಟಹೇನಾ ಮುತ್ತಿಗೆಯಲ್ಲಿ ಸೇವೆಮಾಡಿದ್ದನು. ಅವನ ಗೌರವಾರ್ಥವಾಗಿ ಭೂಮಿಗೆ ಮೌಂಟ್ ವರ್ನನ್ ಎಂದು ಹೆಸರಿಟ್ಟನು. ಬ್ರಿಟಿಷರ ಆಳ್ವಿಕೆಯನ್ನು ಕೊನೆಗಾಣಿಸಿದ ದಂಡನಾಯಕನ ಮನೆಗೆ ಬ್ರಿಟಿಷ್ ಸೇನಾಪತಿಯ ಹೆಸರು ಉಳಿದುದು ಹೀಗೆ. 1743ರಲ್ಲಿ ಅವನು ಮದುವೆಯಾದುದು ಆನ್ ಫೇರ್‌ಫ್ಯಾಕ್ಸಳನ್ನು. ಅವಳ ತಂದೆಯು ಫೇರ್‌ಫ್ಯಾಕ್ಸ್ ಪ್ರಭುವಿನ ಬಂಧು, ಅವನ ಭೂವ್ಯವಹಾರಗಳ ಪಾರುಪತ್ಯಗಾರ. ಜಾರ್ಜನು ಹದಿಹರೆಯದಲ್ಲಿಯೇ ಭೂಮಾಪನದ ಉದ್ಯೋಗಕ್ಕೆ ಸೇರಲು ಈ ಬಾಂಧವ್ಯವೇ ದಾರಿಯಾಯಿತು.

ಲಾರೆನ್ಸನಿಗೆ ಕ್ಷಯರೋಗ ಹಿಡಿಯಿತು. 1751ರಲ್ಲಿ ಜಾರ್ಜನನ್ನು ಕರೆದುಕೊಂಡು ಬಾರ್ಬಡೋಸ್ ದ್ವೀಪಕ್ಕೆ ಹವಾ ಬದಲಾವಣೆಗಾಗಿ ಹೋದರೂ ಗುಣವಾಗಲಿಲ್ಲ. 1752ರ ಜೂನಿನಲ್ಲಿ ಮರಣಶಾಸನವನ್ನು ಬರೆದು ಜುಲೈ 26ರಂದು ಮೃತನಾದನು. ಹುಟ್ಟಿದ ಮಕ್ಕಳಲ್ಲಿ ಉಳಿದವಳು ಸಾರಾ ಎಂಬ ಎರಡು ವರ್ಷವೂ ತುಂಬದ ಮಗುವೊಂದೇ. ಮರಣಶಾಸನದ ಏರ್ಪಾಡು ಹೀಗಿದೆ: ಹೆಂಡತಿ ಆನ್ನಳಿಗೆ ಜೀವಾವಧಿ ಅನುಭವದ ಹಕ್ಕು, ತರುವಾಯ ಮಗಳಿಗೆ, ಮಗಳು ಸಂತಾನವಿಲ್ಲದೆ ಹೋದರೆ, ಆನ್ನಳ ಕಾಲಾನಂತರ ತಮ್ಮ ಜಾರ್ಜನಿಗೆ. ಆನ್ನಳು ಆ ವರ್ಷವೇ ಜಾರ್ಜ್ ಲೀ ಎಂಬುವನನ್ನು ಮದುವೆಯಾಗಿ ಬೇರೆ ಊರಿಗೆ ಹೋದಳು. ಸಾರಾ 1754ರಲ್ಲಿ ಮೃತಳಾದಳು. ಅದೇ ವರ್ಷದ ಡಿಸೆಂಬರ್ 17ರಂದು, ಇಪ್ಪತ್ತೆರಡು ವರ್ಷದ ಜಾರ್ಜನು ಅತ್ತಿಗೆಯ ಜೀವಾವಧಿಯವರೆಗೆ ಮೌಂಟ್ ವರ್ನನ್ನನ್ನು ಗೇಣಿಗೆ ಹಿಡಿದನು. ವರ್ಷಕ್ಕೆ ಗೇಣಿ 15,000 ಪೌಂಡು ತೂಕದ ಹೊಗೆಸೊಪ್ಪು, ಇಲ್ಲವೇ ಅದರ ಬೆಲೆ. ಹೀಗೆ ಮೌಂಟ್ ವರ್ನನ್ನಿನಲ್ಲಿ ಜಾರ್ಜ್ ವಾಷಿಂಗ್ಟನ್ನನ ಮೊದಲ ಪದವಿಯು ಗೇಣಿದಾರನದು. 1761ರ ಮಾರ್ಚಿಯಲ್ಲಿ ಆನ್ನಳು ತೀರಿಕೊಂಡ ಮೇಲಷ್ಟೇ ಅವನು ಒಡೆಯನಾದುದು. ತಂದೆಯ ಆಸ್ತಿಯೆಂದು ನಾನು ಕಲಿಸಿದ ಆ ಭೂಮಿಯು ಅವನಿಗೆ ಬಂದುದು ಅಣ್ಣನ ಮರಣಶಾಸನದಿಂದ, ಒಂದು ಹಸುಳೆಯ ಸಾವಿನ ಮೂಲಕ.

ಬಳಿಕ ಅವನು ಸುತ್ತಣ ಜಮೀನುಗಳನ್ನು ಕೊಂಡುಕೊಂಡು 8,000 ಎಕರೆಯವರೆಗೆ ಬೆಳಸಿದನು. ಒಬ್ಬನು ಮಾತುಕೊಟ್ಟು ತಪ್ಪಿದನೆಂದು 1760ರ ತನ್ನ ದಿನಚರಿಯಲ್ಲಿ ಅವನನ್ನು ಚೆನ್ನಾಗಿ ಬೈದೂ ಇದ್ದಾನೆ. ಆ ಕ್ರಯಗಳ ವಿವರವು ಇಲ್ಲಿ ಬೇಡ. ಹೇಳದೆ ಬಿಡಲಾಗದ ವಿಷಯವು ಬೇರೊಂದಿದೆ.

1754ರ ಆ ಗೇಣಿಯಲ್ಲಿ ಭೂಮಿಯ ಜೊತೆಗೆ 18 ಜನ ಗುಲಾಮರೂ ಸೇರಿದ್ದರು. ಅಗಸ್ಟಿನನ ಮರಣಶಾಸನದಲ್ಲಿ ಜಮೀನಿನೊಡನೆ ನೀರಿನ ಗಿರಣಿ, ಗುಲಾಮರು, ದನಕರುಗಳು, ಮನೆಯ ಸಾಮಾನುಗಳು ಒಂದೇ ಉಸಿರಿನಲ್ಲಿ ಬರುತ್ತವೆ. 1705ರ ವರ್ಜೀನಿಯಾ ಕಾಯಿದೆಯು ದಾಯಭಾಗದ ವಿಷಯದಲ್ಲಿ ಗುಲಾಮರನ್ನು ಭೂಮಿಯಂತೆಯೇ ಸ್ಥಿರಾಸ್ತಿಯೆಂದು ಗಣಿಸಿತು. ನಡೆದಾಡುವ ಮನುಷ್ಯನನ್ನು ಸ್ಥಿರಾಸ್ತಿಯೆಂದ ಆ ಶಬ್ದಪ್ರಯೋಗವನ್ನು ನೋಡಿ, ವ್ಯಾಕರಣ ಓದಿದ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆನು. ಭೂಮಿಯ ವಂಶಾವಳಿಯನ್ನು ಹುಡುಕುವವನಿಗೆ ಒಂದು ಎಕರೆಯ ಲೆಕ್ಕವೂ ತಪ್ಪದೆ ಸಿಕ್ಕುತ್ತದೆ. ಆ ಎಕರೆಯನ್ನು ಉತ್ತವರ ವಂಶಾವಳಿಯನ್ನು ಅವರ ಮೊಮ್ಮಕ್ಕಳು ಹುಡುಕಬೇಕಾದರೆ, ಒಡೆಯರ ಈ ಮರಣಶಾಸನಗಳಲ್ಲಿಯೂ ಕ್ರಯಪತ್ರಗಳಲ್ಲಿಯೂ ದನಕರುಗಳ ಪಕ್ಕದಲ್ಲಿ ಬರೆದ ಒಂಟಿ ಹೆಸರುಗಳಲ್ಲಿ ಹುಡುಕಬೇಕು.

ಜಾರ್ಜ್ ವಾಷಿಂಗ್ಟನ್ನನು ತನ್ನ ಮರಣಶಾಸನವನ್ನು 1799ರ ಜುಲೈ 9ರ ತಾರೀಖಿನಲ್ಲಿ ಸ್ವಹಸ್ತದಿಂದ ಬರೆದನು. ಆಗ ಮೌಂಟ್ ವರ್ನನ್ನಿನಲ್ಲಿ 317 ಜನ ಗುಲಾಮರಿದ್ದರು. ಅವರಲ್ಲಿ ಅವನ ಸ್ವಂತ ಹಕ್ಕಿಗೆ ಸೇರಿದವರು 123 ಜನ. ಅವರಿಗೆ ಹೆಂಡತಿ ಮಾರ್ಥಾಳ ಕಾಲಾನಂತರ ಬಿಡುಗಡೆಯಾಗತಕ್ಕದ್ದೆಂದು ಬರೆದನು. ವಿಲಿಯಂ ಲೀ ಎಂಬ ತನ್ನ ಆಪ್ತಸೇವಕನಿಗೆ ಒಡನೆಯೇ ಬಿಡುಗಡೆಯನ್ನೂ ವರ್ಷಕ್ಕೆ 30 ಡಾಲರಿನ ವರ್ಷಾಶನವನ್ನೂ ಕೊಟ್ಟನು. ಆದರೆ 153 ಜನರು ಮಾರ್ಥಾಳ ಮೊದಲನೆಯ ಗಂಡ ಕಸ್ಟಿಸನ ಆಸ್ತಿಗೆ ಸೇರಿದವರು. ಅವನು 1757ರಲ್ಲಿ ಮರಣಶಾಸನವನ್ನು ಬರೆಯದೆ ಸತ್ತುದರಿಂದ, ವಿಧವೆಗೆ ಮೂರನೆಯ ಒಂದು ಪಾಲಿನಲ್ಲಿ ಜೀವಾವಧಿ ಹಕ್ಕು ಮಾತ್ರ ಬಂದಿದ್ದಿತು. ಅವಳ ತರುವಾಯ ಅವರು ಕಸ್ಟಿಸನ ವಾರಸುದಾರರ ಸ್ವತ್ತು. ಅವರನ್ನು ಬಿಡಲು ವಾಷಿಂಗ್ಟನ್ನನಿಗಾಗಲಿ ಮಾರ್ಥಾಳಿಗಾಗಲಿ ಅಧಿಕಾರವಿರಲಿಲ್ಲ. ಎರಡು ಗುಂಪಿನವರೂ ಪರಸ್ಪರ ಮದುವೆಯಾಗಿ ಮಕ್ಕಳೊಂದಿಗರಾಗಿದ್ದರು. 1801ರ ಜನವರಿ 1ರಂದು, ತಾನು ಬದುಕಿರುವಾಗಲೇ, ಮಾರ್ಥಾಳು ಗಂಡನ ಪಾಲಿನವರನ್ನು ಬಿಡುಗಡೆಮಾಡಿದಳು. ಅಂದು ಎಷ್ಟೋ ಗುಡಿಸಲುಗಳಲ್ಲಿ ಗಂಡನು ಸ್ವತಂತ್ರ, ಹೆಂಡತಿ ಮಕ್ಕಳು ಗುಲಾಮರು. 1802ರಲ್ಲಿ ಅವಳು ತೀರಿಕೊಂಡ ಮೇಲೆ ಕಸ್ಟಿಸ್ ಪಾಲಿನವರು ನಾಲ್ವರು ಮೊಮ್ಮಕ್ಕಳಿಗೆ ಹಂಚಿಹೋದರು. ಮರಣಶಾಸನವನ್ನು ಬರೆಯದೆ ಬಿಟ್ಟುದರ ಫಲವು ನಾಲ್ವತ್ತೈದು ವರ್ಷಗಳ ಬಳಿಕ ಯಾರ ತಲೆಯ ಮೇಲೆ ಬಿದ್ದಿತೆಂಬುದನ್ನು ನೋಡಿರಿ.

ವಾಷಿಂಗ್ಟನ್ನನಿಗೆ ಮಕ್ಕಳಿರಲಿಲ್ಲ. ಮನೆಯೂ ಅದರ ಸುತ್ತಣ ಭೂಮಿಯೂ ತಮ್ಮನ ಮಗ ಬುಷ್‌ರಾಡನಿಗೆ, ಅವನಿಂದ 1829ರಲ್ಲಿ ಅವನ ತಮ್ಮನ ಮಗನಿಗೆ, ಆಮೇಲೆ ಅವನ ವಿಧವೆಗೆ, ಅವಳಿಂದ ಮಗನಿಗೆ ಬಂದುವು. ಆ ಮಗನಿಗೆ ಮನೆಯನ್ನು ನಡೆಸುವ ಶಕ್ತಿಯಿರಲಿಲ್ಲ. 1858ರಲ್ಲಿ ದಕ್ಷಿಣ ಕೆರೊಲಿನಾದ ಆನ್ ಪಮೇಲಾ ಕನಿಂಗ್ಹಮ್ ಎಂಬಾಕೆಯು ಸ್ಥಾಪಿಸಿದ ಮಹಿಳಾ ಸಂಘವು, ಮನೆಯೂ ಸೇರಿ 200 ಎಕರೆಯನ್ನು 2,00,000 ಡಾಲರಿಗೆ ಕೊಳ್ಳುವ ಕರಾರುಮಾಡಿಕೊಂಡು, 1860ರಲ್ಲಿ ಸ್ವಾಧೀನ ಪಡೆಯಿತು. ಇಂದಿಗೂ ಒಡೆತನವು ಆ ಸಂಘದ್ದೇ.

ಇನ್ನು ಆ ಕಾಗದಗಳ ಗತಿಯನ್ನು ಹೇಳಿ ಮುಗಿಸುತ್ತೇನೆ. ಅಮೆರಿಕಾದ ಅಂತರ್ಯುದ್ಧದ ಕಾಲದಲ್ಲಿ ಫೇರ್‌ಫ್ಯಾಕ್ಸ್ ನ್ಯಾಯಾಲಯದಲ್ಲಿ ಸೈನಿಕರು ಬೀಡುಬಿಟ್ಟು ದಾಖಲೆಗಳನ್ನು ಚೆಲ್ಲಾಡಿದರು. ಜಾರ್ಜನ ಮರಣಶಾಸನವನ್ನು ಮುಂಚೆಯೇ ರಿಚ್ಮಂಡ್ ನಗರಕ್ಕೆ ಸಾಗಿಸಿದ್ದುದರಿಂದ ಅದು ಉಳಿಯಿತು. ಮಾರ್ಥಾಳದು ಅಲ್ಲಿಯೇ ಇದ್ದಿತು. 1862ರಲ್ಲಿ ಒಬ್ಬ ಸೇನಾಧಿಕಾರಿಯು ಅದನ್ನು ಎತ್ತಿಕೊಂಡು ಹೋದನು. ಅವನ ಮಗಳು ಅದನ್ನು ಧನಿಕನಾದ ಜೆ. ಪಿ. ಮಾರ್ಗನ್ನನಿಗೆ ಮಾರಿದಳು. ವರ್ಜೀನಿಯಾ ರಾಜ್ಯವು ಅದನ್ನು ಮರಳಿ ಕೊಡಬೇಕೆಂದು ದೇಶದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ತೀರ್ಪು ಬರುವ ಮುಂಚೆಯೇ, 1915ರಲ್ಲಿ, ಮಾರ್ಗನ್ನನ ಮಗನು ಅದನ್ನು ಹಿಂದಿರುಗಿಸಿದನು. ಗಂಡಹೆಂಡಿರ ಎರಡು ಮರಣಶಾಸನಗಳೂ ಈಗ ಫೇರ್‌ಫ್ಯಾಕ್ಸ್ ನ್ಯಾಯಾಲಯದ ದಾಖಲೆಗಳಲ್ಲಿವೆ.